ವಿದ್ಯಾರ್ಥಿಯ ದುಡಿಮೆಗೆ ಒಂದು ಕಟ್ಟಳೆ ಬೇಡವೆ?

ಕಾಲೇಜಿನಲ್ಲಿ ಓದುವ ಹುಡುಗನು ಅದೇ ಕಾಲೇಜಿನಲ್ಲಿ ಪಗಾರಕ್ಕೆ ದುಡಿಯಬಹುದೆ? ದುಡಿಯಬಹುದಾದರೆ ಯಾವ ನಿಯಮದ ಮೇಲೆ? ಮೊದಲನೆಯ ಪ್ರಶ್ನೆಗೆ ನಮ್ಮಲ್ಲಿ ಬಹು ಜನ ಉತ್ತರ ಹೇಳಬಲ್ಲರು. ಚರ್ಚಾಸ್ಪರ್ಧೆಗಳಲ್ಲಿ ಹೇಳಿಯೂ ಇದ್ದಾರೆ. ಸ್ವಾವಲಂಬನೆ, ಶ್ರಮದ ಗೌರವ ಮುಂತಾದ ಮಾತುಗಳಿಗೆ ಚಪ್ಪಾಳೆಯೂ ಬಿದ್ದಿದೆ. ಎರಡನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದ್ದನ್ನು ನಾನು ಕಾಣೆ. ಅದು ರುಚಿಯಿಲ್ಲದ ಪ್ರಶ್ನೆ. ಹಾಜರಿ ಪುಸ್ತಕ, ರಸೀದಿ, ತಾಸು, ರೂಪಾಯಿ ಇವುಗಳ ಮೇಲೆ ಭಾಷಣ ಮಾಡಿದವನಿಗೆ ಢಾಲು ಕೊಡುವವರಾರು? ಆದರೂ ಕಳೆದ ವರ್ಷ ನನಗಾದ ಅನುಭವದಿಂದ, ಬಡ ವಿದ್ಯಾರ್ಥಿಯ ಮಾನ ಉಳಿಯುವುದೂ ಹೋಗುವುದೂ ಈ ರುಚಿಯಿಲ್ಲದ ಪ್ರಶ್ನೆಯಲ್ಲಿಯೇ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ಗುರುಗಳೂ ಸಹಪಾಠಿಗಳೂ ಇದನ್ನು ಸಾವಧಾನದಿಂದ ಓದಬೇಕೆಂದು ಬಿನ್ನಹ.

ನಾನು ಬಿ.ಎ. ಮೂರನೆಯ ಸೆಮಿಸ್ಟರಿನಲ್ಲಿದ್ದಾಗ ಗ್ರಂಥಪಾಲಕರು ಒಂದು ದಿನ ನನ್ನನ್ನು ಕರೆದು, “ಮಧ್ಯಾಹ್ನದ ಮ್ಯಾಲೆ ಸ್ವಲ್ಪ ಹೊತ್ತು ಬಂದು ಪುಸ್ತಕ ಹೊಂದಿಸಿ ಕೊಡ್ತೀಯೇನಪಾ? ಏನರೆ ಕೊಡೋಣಂತ” ಎಂದರು. ಅವರು ಸಜ್ಜನರು. ಅವರ ಕೈಕೆಳಗೆ ಇರಬೇಕಾದ ಸಹಾಯಕನ ಸ್ಥಳ ಬಹುದಿನದಿಂದ ಖಾಲಿ. ಒಬ್ಬರೇ ಪುಸ್ತಕ ಕೊಡಬೇಕು, ತಿರುಗಿ ಪಡೆಯಬೇಕು, ಪತ್ರಿಕೆಗಳ ಲೆಕ್ಕವಿಡಬೇಕು. ನನ್ನ ಸ್ಥಿತಿಯನ್ನೂ ಅವರು ಬಲ್ಲರು. ನಾನು ರವಿವಾರಗಳಂದು ಮದುವೆಯ ಊಟಗಳಲ್ಲಿ ಬಡಿಸಲು ಹೋಗುತ್ತಿದ್ದೆನೆಂಬುದು, ಅಂಥ ಒಂದು ಊಟದಲ್ಲಿ ಅವರ ಎಲೆಗೇ ಅನ್ನ ಬಡಿಸುವ ಪ್ರಸಂಗ ಒದಗಿದ್ದರಿಂದ, ಅವರಿಗೆ ತಿಳಿದಿತ್ತು. ಹೀಗಾಗಿ ಕರೆದದ್ದು ಕೇವಲ ಕನಿಕರದಿಂದ. ನಾನು ಕೂಡಲೇ ಒಪ್ಪಿದೆ. ‘ಏನರೆ’ ಎಂದರೆ ಎಷ್ಟು ಎಂದು ಕೇಳಲು ನಾಲಗೆ ಏಳಲಿಲ್ಲ.

ಕೆಲಸ ನನಗೆ ಹಿಡಿಸಿತೆಂಬುದನ್ನು ಇಲ್ಲಿ ಹೇಳಲೇಬೇಕು. ಪುಸ್ತಕವೊಂದನ್ನು ಅದರ ಸ್ಥಳದಲ್ಲಿಡುವುದು ಹೊರಗಿನವರಿಗೆ ಹಮಾಲಿ ಕೆಲಸವೆಂದು ತೋರೀತು. ಆದರೆ ಸಾವಿರ ಪುಸ್ತಕಗಳ ನಡುವೆ ಸ್ಥಳ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕವೇ. ಬೆನ್ನಿನ ಮೇಲಿನ ಅಂಕಿಗಳು ಏನು ಹೇಳುತ್ತವೆಂದು ನಾನು ಕಲಿತದ್ದು ಆಗಲೇ. ಡ್ಯೂಯಿ ಎಂಬ ಅಮೆರಿಕನ್ನನು 1876ರಲ್ಲಿ ಪ್ರಕಟಿಸಿದ ದಶಾಂಶ ಕ್ರಮದಲ್ಲಿ ನಮ್ಮ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವ ಮನೆ ನಂಬರು 894.814. ಆ ಓಣಿಯಲ್ಲಿ ನಾಟಕ ಯಾವ ಮೂಲೆ, ಕಾದಂಬರಿ ಯಾವ ಮೂಲೆ ಎಂಬುದು ಹದಿನೈದು ದಿನಗಳಲ್ಲಿ ನನ್ನ ಕಾಲಿಗೇ ಗೊತ್ತಾಯಿತು. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು 1931ರಲ್ಲಿ ಬರೆದುಕೊಟ್ಟ ಎಸ್.ಆರ್. ರಂಗನಾಥನ್ ಅವರು ಓದುಗನ ವೇಳೆ ಉಳಿಸುವುದನ್ನೂ ಒಂದು ಸೂತ್ರವನ್ನಾಗಿಯೇ ಮಾಡಿದ್ದಾರೆ. ಪರೀಕ್ಷೆಯ ಹಿಂದಿನ ವಾರ ಓಡುತ್ತ ಬಂದ ಒಬ್ಬ ಹುಡುಗನಿಗೆ ಅವನು ಕೇಳಿದ ಪುಸ್ತಕವನ್ನು ಒಂದೇ ನಿಮಿಷದಲ್ಲಿ ತೆಗೆದುಕೊಟ್ಟ ದಿನ, ರಂಗನಾಥನ್ ಅವರಿಗೆ ನಾನೂ ಒಂದಿಷ್ಟು ಸೇವೆ ಸಲ್ಲಿಸಿದೆನೆಂದು ಒಳಗೊಳಗೇ ಹಿಗ್ಗಿದೆ.

ಆದರೆ ‘ಸ್ವಲ್ಪ ಹೊತ್ತು’ ಎಂಬ ಮಾತಿಗೆ ದಂಡೆಯಿಲ್ಲ. ಪುಸ್ತಕ ಹೊಂದಿಸುವುದರಿಂದ ಮೊದಲಾದ ಕೆಲಸ ಪತ್ರಿಕೆಗಳನ್ನು ಹೊಲಿಯುವುದಕ್ಕೆ, ಅಲ್ಲಿಂದ ಕಾರ್ಯಾಲಯದ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವುದಕ್ಕೆ, ಅಲ್ಲಿಂದ ಚಹಾ ತರುವುದಕ್ಕೆ ಬೆಳೆಯಿತು. ಒಬ್ಬ ಮಹನೀಯರ ಮನೆಯ ಲೈಟ್ ಬಿಲ್ಲನ್ನೂ ಒಂದು ಸಲ ಕಟ್ಟಿಬಂದೆ. ಯಾರೂ ಗದರಿಸಿ ಹೇಳಲಿಲ್ಲ. ಎಲ್ಲರೂ ‘ತಮ್ಮಾ’ ಎಂದು ಪ್ರೀತಿಯಿಂದಲೇ ಹೇಳಿದರು. ಪ್ರೀತಿಯಿಂದ ಹೇಳಿದ್ದಕ್ಕೆ ಇಲ್ಲವೆನ್ನುವುದು ಗದರಿಸಿ ಹೇಳಿದ್ದಕ್ಕೆ ಇಲ್ಲವೆನ್ನುವುದಕ್ಕಿಂತ ಕಠಿಣ. ಮೇಲಾಗಿ ಹೇಳುವವರ ಕೈಯಲ್ಲಿ ಆಂತರಿಕ ಅಂಕಗಳಿದ್ದರೆ ಕೇಳುವುದೇ ಬೇಡ. ಅವರು ಅಂಕ ಕಡಿಮೆ ಮಾಡುವವರಲ್ಲ. ಅದು ನನಗೆ ಗೊತ್ತು. ಆದರೆ ಆ ಭಯಕ್ಕೆ ನನ್ನ ತಿಳಿವಳಿಕೆಯ ಮಾತು ಕೇಳುವ ಅಭ್ಯಾಸವಿಲ್ಲ.

ಡಿಸೆಂಬರದಲ್ಲಿ ಪರಿಶೀಲನಾ ಸಮಿತಿ ಬರುವುದೆಂದು ಸುದ್ದಿಯಾಯಿತು. ಎರಡು ವಾರ ನಾನು ಮುಂಜಾನೆಯೂ ಗ್ರಂಥಾಲಯದಲ್ಲಿಯೇ ಇದ್ದೆ. ಆ ಮುಂಜಾನೆಗಳಲ್ಲಿ ಅರ್ಥಶಾಸ್ತ್ರದ ತರಗತಿಗಳಿದ್ದವು. ಸಮಿತಿ ಬಂದು, ಗ್ರಂಥಾಲಯದ ಅಚ್ಚುಕಟ್ಟನ್ನು ಮೆಚ್ಚಿ ಹೋಯಿತು. ಮುಂದಿನ ತಿಂಗಳು ಫಲಕದ ಮೇಲೆ ಹಾಜರಿ ಕೊರತೆಯವರ ಯಾದಿ ಬಂತು. ಬೇಕಾದದ್ದು ಶೇಕಡಾ 75, ನನ್ನ ಹೆಸರಿನ ಮುಂದಿದ್ದದ್ದು 71. ಅರ್ಥಶಾಸ್ತ್ರದ ಪ್ರಾಧ್ಯಾಪಕರ ಬಳಿಗೆ ಹೋಗಿ, “ಸರ್, ನಾ ಕಾಲೇಜಿನಾಗ ಇದ್ದೆ, ಗ್ರಂಥಾಲಯದಾಗ ಇದ್ದೆ” ಎಂದೆ. “ಇದ್ದಿರಬಹುದು. ಬರದದ್ದು ಏನರೆ ಐತೇನು?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಬರೆದದ್ದು ಏನೂ ಇರಲಿಲ್ಲ. ನಾನು ದುಡಿದದ್ದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ನಾನು ತಪ್ಪಿಸಿದ್ದು ಮಾತ್ರ ಪುಸ್ತಕದಲ್ಲಿತ್ತು. ಎಂಟು ದಿನ ಮೇಜಿನಿಂದ ಮೇಜಿಗೆ ತಿರುಗಿ, ಅರ್ಜಿ ಬರೆದು, ಗ್ರಂಥಪಾಲಕರು ತಾವೇ ಬಂದು ಹೇಳಿದ ಮೇಲೆ ಪರೀಕ್ಷೆಗೆ ಕೂಡಲು ಅಪ್ಪಣೆಯಾಯಿತು. ಅವರು ಬಾರದಿದ್ದರೆ ಒಂದು ವರ್ಷ ಹೋಗುತ್ತಿತ್ತು.

ಹಣ ಮಾರ್ಚದಲ್ಲಿ ಬಂತು. ಲಕ್ಕೋಟೆಯಲ್ಲಿ 1500 ರೂಪಾಯಿ. ನನ್ನ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ನಾನು ಗುರುತು ಹಾಕಿಕೊಂಡಿದ್ದ ತಾಸುಗಳು ತೊಂಬತ್ತಕ್ಕೆ ಮೇಲಿದ್ದವು. ಯಾವ ಲೆಕ್ಕದಿಂದ 1500 ಆಯಿತೆಂಬುದು ಕೊಟ್ಟವರಿಗೂ ತಿಳಿಯದು. ಅದು ಯಾವುದೇ ಸರಕಾರಿ ಬಾಬಿನಿಂದ ಬಂದದ್ದಲ್ಲವೆಂದೂ, ಇಬ್ಬರು ಮೂವರು ಹಿರಿಯರು ತಮ್ಮ ಕಿಸೆಯಿಂದ ಹಾಕಿದ್ದೆಂದೂ ಆಮೇಲೆ ತಿಳಿಯಿತು. ನಾನು ಬಗ್ಗಿ ನಮಸ್ಕಾರ ಮಾಡಿ ತೆಗೆದುಕೊಂಡೆ. ಮದುವೆಯಲ್ಲಿ ಬಡಿಸಿದ ದಿನ ಗುತ್ತಿಗೆದಾರ ಕೊಡುವ ಹಣಕ್ಕೆ ನಾನು ಎಂದೂ ಬಗ್ಗಿದವನಲ್ಲ. ಎಣಿಸಿ ಕಿಸೆಗೆ ಹಾಕಿಕೊಳ್ಳುತ್ತೇನೆ, ಒಂದು ನೋಟು ಕಡಿಮೆಯಾದರೆ ಕೇಳುತ್ತೇನೆ. ಇಲ್ಲಿ ಎಣಿಸಲಿಲ್ಲ. ವಿದ್ಯಾಲಯದಲ್ಲಿ ದುಡಿದು ನಾನು ದಾನ ತೆಗೆದುಕೊಂಡೆ, ಮದುವೆ ಮನೆಯಲ್ಲಿ ದುಡಿದು ಪಗಾರ ತೆಗೆದುಕೊಂಡೆ. ಈ ವಿಪರೀತವೇ ನನ್ನಿಂದ ಈ ಲೇಖನ ಬರೆಸುತ್ತಿರುವುದು.

ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಅವಳಿಗೆ ಓದು ಬರಹ ಬಾರದು. 2005ರ ಉದ್ಯೋಗ ಖಾತ್ರಿ ಕಾಯ್ದೆಯಂತೆ ಕೆರೆಯ ಹೂಳು ತೆಗೆಯಲು, ಬದು ಹಾಕಲು ಹಲವು ವರ್ಷ ಹೋದವಳು. “ಎಷ್ಟ ತಾಸ ದುಡದೀ ಅನ್ನೂದು ಎಲ್ಲೆರ ಬರದಾರೇನು?” ಎಂದು ಕೇಳಿದಳು. ಇಲ್ಲವೆಂದೆ. “ಕೆಲಸಾ ಬೇಕಂತ ಅರ್ಜಿ ಕೊಟ್ಟಿದ್ದೇನು? ರಸೀದಿ ಇಸಗೊಂಡಿಯೇನು?” ಅದೂ ಇಲ್ಲವೆಂದೆ. “ಸಾಲಿ ಕಲತಾಂವ ನೀನೋ ನಾನೋ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಕಾಯ್ದೆಯಲ್ಲಿ ಕೆಲಸ ಕೇಳಿದವರಿಗೆ ತಾರೀಖು ಹಾಕಿದ ರಸೀದಿ ಕೊಡಬೇಕಿತ್ತು. ಹದಿನೈದು ದಿನದೊಳಗೆ ಕೆಲಸ, ದುಡಿದ ಹದಿನೈದು ದಿನದೊಳಗೆ ಕೂಲಿ ಎಂಬ ಕಟ್ಟಳೆಯಿತ್ತು. ಹಾಜರಿ ಪಟ್ಟಿ ಕೆಲಸದ ಸ್ಥಳದಲ್ಲಿಯೇ ಇರಬೇಕಿತ್ತು. ಕಟ್ಟಳೆಯಂತೆ ಎಲ್ಲ ಕಡೆಗೆ ನಡೆಯಿತೆಂದಲ್ಲ. ಕೂಲಿ ತಡವಾಗಿ ಅವ್ವ ಪಂಚಾಯತಿಯ ಕಟ್ಟೆಯ ಮೇಲೆ ಕುಳಿತ ದಿನಗಳುಂಟು. ಆದರೆ ಕುಳಿತುಕೊಳ್ಳಲು ಅವಳಿಗೊಂದು ಆಧಾರವಿತ್ತು, ರಸೀದಿ ಸೆರಗಿನಲ್ಲಿತ್ತು. ನನ್ನ ಕಿಸೆಯಲ್ಲಿ ಲಕ್ಕೋಟೆ ಮಾತ್ರ ಇತ್ತು.

ಇನ್ನೊಂದು ಮಾತನ್ನು ಹೇಳದಿದ್ದರೆ ಅಪ್ರಾಮಾಣಿಕತನವಾದೀತು. ನನ್ನ ತರಗತಿಯಲ್ಲಿ ಒಬ್ಬ ಸಹಪಾಠಿನಿ ಇದ್ದಾಳೆ. ಮುಂಜಾನೆ ಏಳರಿಂದ ಒಂಬತ್ತೂವರೆಯ ತನಕ ಬಸ್‌ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ ಕಾಲೇಜಿಗೆ ಬರುತ್ತಾಳೆ. ಅಕ್ಷರ ನನಗಿಂತ ಚೆನ್ನು, ಕಂಪ್ಯೂಟರು ನನಗಿಂತ ಬಲ್ಲಳು. ಅವಳು ಒಂದು ದಿನ ಯಾವ ಕೊಂಕೂ ಇಲ್ಲದೆ, “ಆ ಕೆಲಸಕ್ಕ ನೋಟಿಸು ಯಾವಾಗ ಹಚ್ಚಿದ್ರು? ನಾ ನೋಡಲೇ ಇಲ್ಲ” ಎಂದು ಕೇಳಿದಳು. ನೋಟಿಸು ಹಚ್ಚಿರಲಿಲ್ಲ. ನನ್ನನ್ನು ಕರೆದರು, ನಾನು ಹೋದೆ. ಬಡಿಸುವಾಗ ನಾನು ಒಬ್ಬರ ಕಣ್ಣಿಗೆ ಬಿದ್ದೆ, ಅವಳು ಬೀಳಲಿಲ್ಲ, ಇಷ್ಟೇ ವ್ಯತ್ಯಾಸ. ನನಗಾದ ಅನ್ಯಾಯಕ್ಕಿಂತ ಮೊದಲು ನನ್ನಿಂದ ಒಂದು ಅನ್ಯಾಯವಾಗಿತ್ತು.

ನಮ್ಮ ನಾಡಿನಲ್ಲಿ ವಿದ್ಯಾರ್ಥಿಗೆ ನೆರವಾಗುವ ದಾರಿ ಹೊಸದೇನಲ್ಲ. ವಾರಾನ್ನ ಉಂಡು ಓದಿದವರ ಕಥೆಗಳನ್ನು ಹಿರಿಯರಿಂದ ಕೇಳಿದ್ದೇವೆ. ಈ ಭಾಗದಲ್ಲಿ ಮಧುಕರಿಯೂ ಇತ್ತು. ಕೊಟ್ಟವರ ದೊಡ್ಡ ಮನಸ್ಸನ್ನು ನಾನು ಹಳಿಯಲಾರೆ. ಆದರೆ ಸೋಮವಾರದ ಮನೆಯ ತಾಯಿಗೆ ಜ್ವರ ಬಂದರೆ ಸೋಮವಾರ ಉಪವಾಸ. ಏಳು ಮನೆಯ ಏಳು ಮುಖಗಳನ್ನು ನೋಡಿ ಆ ಹುಡುಗ ಬೆಳೆಯಬೇಕು. ಮೇಲಾಗಿ ಆ ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೆ ತೆರೆಯುತ್ತಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ದಯೆ ಗುರುತಿನ ದಾರಿಯಲ್ಲಿ ನಡೆಯುತ್ತದೆ. ಗುರುತಿಲ್ಲದವನ ಓಣಿಗೆ ಅದು ಬರುವುದಿಲ್ಲ.

ಇದಕ್ಕೆ ಬೇರೊಂದು ದಾರಿಯನ್ನು ತೋರಿಸಿದವರು ನಮ್ಮ ಮಗ್ಗುಲಲ್ಲಿಯೇ ಇದ್ದರು. ಪುಣೆಯ ದಾರಿಯಲ್ಲಿ ಸಿಗುವ ಸಾತಾರೆಯಲ್ಲಿ ಕರ್ಮವೀರ ಭಾವುರಾವ ಪಾಟೀಲರು 1924ರಲ್ಲಿ ವಸತಿಗೃಹವೊಂದನ್ನು ತೆರೆದು, ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು, ಒಂದೇ ರೀತಿ ದುಡಿಸಿದರು. ಅವರು 1919ರಲ್ಲಿ ಹುಟ್ಟುಹಾಕಿದ ರಯತ ಶಿಕ್ಷಣ ಸಂಸ್ಥೆಯು 1947ರಲ್ಲಿ ಸಾತಾರೆಯಲ್ಲಿಯೇ ಶಿವಾಜಿ ಕಾಲೇಜನ್ನು ತೆರೆದಾಗ, ಗಳಿಸುತ್ತ ಕಲಿಯುವುದು ಅದರ ತಳಹದಿಯಾಯಿತು. ಪುಣೆ ವಿಶ್ವವಿದ್ಯಾಲಯದ ‘ಕಮವಾ ವ ಶಿಕಾ’ ಯೋಜನೆಗೆ ಅವರದೇ ಹೆಸರಿದೆ. ಅಲ್ಲಿ ಹುಡುಗರು ಅರ್ಜಿ ಕೊಟ್ಟು ಸೇರಿ, ತಾಸಿನ ಲೆಕ್ಕದಿಂದ ಹಣ ಪಡೆಯುತ್ತಾರೆ. ಪಾಟೀಲರು ಹುಟ್ಟಿದ ಕುಂಭೋಜ ನಮ್ಮ ಗಡಿಯಿಂದ ಬಹಳ ದೂರವಿಲ್ಲ. ಅವರ ಹೆಸರು ನಮ್ಮ ಕಡೆಗೆ ಬಂದಿದೆ, ಅವರ ಹಾಜರಿ ಪುಸ್ತಕ ಬರಲಿಲ್ಲ.

ಈಚೆಗೆ ನಮ್ಮ ಓಣಿಯ ಹಿರಿಯ ಹುಡುಗನೊಬ್ಬ ಎಂ.ಎಸ್. ಓದಲೆಂದು ಅಮೆರಿಕೆಗೆ ಹೋಗಿದ್ದಾನೆ. ಅವನು ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ತಟ್ಟೆ ತೊಳೆಯುತ್ತಾನೆಂದು ಅವನ ತಾಯಿ ಯಾರಿಗೂ ಹೇಳುವುದಿಲ್ಲ. ಅವನು ಮಾತ್ರ ಎಲ್ಲರಿಗೂ ಹೇಳುತ್ತಾನೆ. ಪರದೇಶದ ವಿದ್ಯಾರ್ಥಿಗೆ ಅಲ್ಲಿ ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ಆವರಣದ ಕೆಲಸ ಮಾಡಲು ಅಪ್ಪಣೆಯಿಲ್ಲ. ಬಂದ ಗಳಿಗೆ, ಹೋದ ಗಳಿಗೆ ಎರಡೂ ದಾಖಲಾಗುತ್ತವೆ. ಆ ದೇಶದ ತನ್ನ ಬಡ ವಿದ್ಯಾರ್ಥಿಗಳಿಗಾಗಿಯೇ 1964ರ ಕಾಯ್ದೆಯೊಂದರಿಂದ ಹುಟ್ಟಿದ ಯೋಜನೆ ಬೇರೆ ಇದೆ. ಅದರ ನಿಯಮಗಳನ್ನು ನಾನು ಆಸಕ್ತಿಯಿಂದ ಓದಿದೆ: ತರಗತಿಯ ವೇಳೆಯಲ್ಲಿ ದುಡಿಸಬಾರದು, ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಾರದು, ತಿಂಗಳಿಗೊಮ್ಮೆಯಾದರೂ ಪಗಾರವಾಗಬೇಕು, ವಿದ್ಯಾರ್ಥಿಯನ್ನು ತೋರಿಸಿ ಇದ್ದ ನೌಕರನನ್ನು ತೆಗೆಯಬಾರದು. ಆ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಜಾನ್ಸನ್ನರು ತಾವು ಓದುವಾಗ ಅದೇ ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸದಿಂದ ಆರಂಭಿಸಿ ಪ್ರಾಚಾರ್ಯರ ಕಾರ್ಯಾಲಯದ ಕೆಲಸದವರೆಗೆ ಮಾಡಿದವರು. ಅಮೆರಿಕೆಯ ಎಲ್ಲವೂ ನಮಗೆ ಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿನ ಫೀ ಕೇಳಿದರೆ ನಮ್ಮ ಸರಕಾರಿ ಕಾಲೇಜಿನ ಗೋಡೆಗೆ ಕೈಮುಗಿಯಬೇಕೆನಿಸುತ್ತದೆ.

ಇನ್ನು ನಮಗೆ ಬೇಕಾದದ್ದೇನು? ಸೆಮಿಸ್ಟರಿನ ಮೊದಲ ವಾರದಲ್ಲಿ ಯಾವ ವಿಭಾಗದಲ್ಲಿ ಎಷ್ಟು ಜನ, ಏನು ಕೆಲಸ, ತಾಸಿಗೆ ಎಷ್ಟು ಹಣ ಎಂಬ ನೋಟಿಸು ಫಲಕದ ಮೇಲೆ ಬರಲಿ; ಮಹಿಳಾ ವಿಶ್ರಾಂತಿ ಕೋಣೆಯ ಹೊರಗೂ ಒಂದು ಪ್ರತಿ ಇರಲಿ. ಅರ್ಜಿ ಕೊಟ್ಟವನಿಗೆ ಸ್ವೀಕೃತಿ ಸಿಗಲಿ. ಆರಿಸುವವರು ಒಬ್ಬರೇ ಆಗದಿರಲಿ, ಮೂವರಿರಲಿ. ಆಯ್ಕೆಯಾದವನ ವೇಳಾಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ, ತರಗತಿಯಿರುವ ತಾಸುಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿಬಿಟ್ಟರೆ, ಯಾವ ಸಮಿತಿ ಬಂದರೂ ಆ ತಾಸಿನಲ್ಲಿ ಅವನನ್ನು ಕರೆಯುವಂತಿಲ್ಲ. ವಾರಕ್ಕೆ ಹತ್ತು ತಾಸು ಸಾಕು. ಅದಕ್ಕೆ ಮೀರಿದರೆ ಓದಿಗೆ ಕುತ್ತು. ಹಾಜರಿ ಪುಸ್ತಕ ಕೆಲಸದ ಸ್ಥಳದಲ್ಲಿರಲಿ. ಹುಡುಗನ ಸಹಿ, ಅಂದೇ ಮೇಲಿನವರ ಸಹಿ. ಹಣ ಮುಂದಿನ ತಿಂಗಳ ಹತ್ತರೊಳಗೆ ಬ್ಯಾಂಕಿನ ಖಾತೆಗೆ ಬೀಳಲಿ. ವಿದ್ಯಾರ್ಥಿವೇತನದ ಹಣ ಹಾಗೆಯೇ ಬರುತ್ತದೆ, ಅದಕ್ಕೆ ಯಾರೂ ಬಗ್ಗಿ ನಮಸ್ಕಾರ ಮಾಡುವುದಿಲ್ಲ.

ಮಾಡಿಸಬಾರದ ಕೆಲಸಗಳನ್ನೂ ಬರೆದಿಡಬೇಕು. ಚಹಾ ಮತ್ತು ಲೈಟ್ ಬಿಲ್ಲಿನ ಮಾತು ಸಣ್ಣದು. ದೊಡ್ಡದು ಬೇರೆ ಇದೆ. ಪ್ರವೇಶದ ಕಾಲದಲ್ಲಿ ಹೊಸಬರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಲು ಹಿರಿಯ ವಿದ್ಯಾರ್ಥಿಗಳನ್ನು ಕೂರಿಸುವ ರೂಢಿಯುಂಟು. ಕೆಲಸ ಒಳ್ಳೆಯದೇ, ಹಳ್ಳಿಯಿಂದ ಬಂದ ಹುಡುಗನಿಗೆ ಸೈಬರ್ ಅಂಗಡಿಯ ಖರ್ಚು ಉಳಿಯುತ್ತದೆ. ಆದರೆ ಆ ಅರ್ಜಿಯೊಡನೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್ ಸಂಖ್ಯೆ, ಹುಡುಗಿಯರ ಫೋನು ನಂಬರು ಎಲ್ಲ ಬರುತ್ತವೆ. ಒಬ್ಬ ವಿದ್ಯಾರ್ಥಿಯ ಮನೆಯ ಬಡತನದ ಲೆಕ್ಕವನ್ನು ಇನ್ನೊಬ್ಬ ವಿದ್ಯಾರ್ಥಿ ಓದುವುದು ಸರಿಯೆ? ಒಬ್ಬ ನೌಕರರು ಪಕ್ಕದಲ್ಲಿ ಕೂಡಬೇಕು. ಕಾಗದ ಆ ಮೇಜನ್ನು ಬಿಟ್ಟು ಹೋಗಬಾರದು, ಫೋನಿನಲ್ಲಿ ಫೋಟೋ ಹಿಡಿಯಬಾರದು. ಅಂಕಗಳ ಯಾದಿ, ಪರೀಕ್ಷೆಯ ಕಾಗದಗಳನ್ನು ವಿದ್ಯಾರ್ಥಿಯ ಕೈಗೆ ಕೊಡಲೇಬಾರದು. ಹಾಗೆ ಕೊಡುವುದರಿಂದ ಪ್ರಾಮಾಣಿಕನಾದ ಹುಡುಗನೇ ಮೊದಲು ಸಂಶಯಕ್ಕೆ ಗುರಿಯಾಗುತ್ತಾನೆ.

ಕೆಲಸ ಕೊಡುವವರೂ ಆಂತರಿಕ ಅಂಕ ಕೊಡುವವರೂ ಒಬ್ಬರೇ ಆಗದಂತೆ ನೋಡಿಕೊಳ್ಳಬೇಕು. ಸಾಧ್ಯವಾಗದಿದ್ದರೆ, ದೂರನ್ನು ಕೇಳಲು ಬೇರೊಬ್ಬ ಅಧ್ಯಾಪಕರನ್ನಾದರೂ ಗೊತ್ತುಮಾಡಬೇಕು. ಬೇಡವೆನಿಸಿದಾಗ ಒಂದು ಚೀಟಿ ಬರೆದುಕೊಟ್ಟು ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯ ಬೇಕು. ಅದಿಲ್ಲದ ದುಡಿಮೆಗೆ ನಮ್ಮ ಹಳ್ಳಿಗಳಲ್ಲಿ ಹಿಂದೆ ಬೇರೆ ಹೆಸರಿತ್ತು.

ಗುರುಗಳ ಕೆಲಸಕ್ಕೆ ಶಿಷ್ಯನು ತಾಸು ಎಣಿಸುವುದೆ, ಗುರುಕುಲದಲ್ಲಿ ಸೌದೆ ತಂದವರು ರಸೀದಿ ಕೇಳಿದರೆ ಎಂದು ಕೆಲವರು ಆಕ್ಷೇಪಿಸಬಹುದು. ಗುರುಕುಲದಲ್ಲಿ ರಾಜಕುಮಾರನೂ ಸೌದೆ ತಂದನೆಂದು ಕಥೆಗಳು ಹೇಳುತ್ತವೆ. ನಮ್ಮಲ್ಲಿ ಬೈಕಿನ ಮೇಲೆ ಬರುವ ಹುಡುಗನಿಗೆ ಯಾರೂ ಚಹಾ ತರಲು ಹೇಳುವುದಿಲ್ಲ. ಎಲ್ಲರೂ ಕೂಡಿ ಅಂಗಳ ಗುಡಿಸುವ ದಿನ ನಾನೂ ಗುಡಿಸುತ್ತೇನೆ, ಪೈಸೆ ಕೇಳುವುದಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಹಾಗೆ ಮಾಡಿಯೂ ಇದ್ದೇನೆ.

ಇದಕ್ಕಿಂತ ತೂಕದ ಆಕ್ಷೇಪವೊಂದನ್ನು ಕಾರ್ಯಾಲಯದ ಹಿರಿಯ ಕಾರಕೂನರು ಎತ್ತಿದರು. ವಿದ್ಯಾರ್ಥಿಗಳಿಂದ ಕೆಲಸ ಸಾಗಿತೆಂದರೆ ಸರಕಾರ ಖಾಲಿ ಸ್ಥಳಗಳನ್ನು ಎಂದಿಗೂ ತುಂಬುವುದಿಲ್ಲವೆಂದು ಅವರ ಹೆದರಿಕೆ. ನಾನು ಬಹಳ ಯೋಚಿಸಿದೆ. ಅವರ ಮಾತಿನಲ್ಲಿ ಸತ್ಯವಿದೆ. ಗ್ರಂಥಾಲಯದ ಸಹಾಯಕನ ಸ್ಥಳ ನಾಳೆ ನಾನು ಪದವಿ ಮುಗಿಸಿ ಅರ್ಜಿ ಹಾಕಬೇಕಾದ ಸ್ಥಳ. ಇಂದು ಅದನ್ನು ನಾನೇ ಅಗ್ಗದಲ್ಲಿ ತುಂಬಿ ನನ್ನ ನಾಳೆಯನ್ನು ತಿಂದಂತಾಗುತ್ತದೆ. ಆದ್ದರಿಂದ ವಿದ್ಯಾರ್ಥಿಯ ಕೆಲಸ ಸಹಾಯಕನಿಗೆ ಸಹಾಯವಾಗಿರಬೇಕು. ಖಾಲಿ ಸ್ಥಳದ ಬೇಡಿಕೆಯ ಪತ್ರ ವರ್ಷವರ್ಷವೂ ಇಲಾಖೆಗೆ ಹೋಗುತ್ತಿರಬೇಕು, ಆ ಪತ್ರದ ಪ್ರತಿ ನೋಟಿಸಿನ ಪಕ್ಕದಲ್ಲಿರಬೇಕು. ಇಷ್ಟರಿಂದ ಅವರ ಹೆದರಿಕೆ ಪೂರ್ತಿ ಹೋಗುವುದಿಲ್ಲವೆಂದು ನಾನು ಒಪ್ಪುತ್ತೇನೆ.

ಹಣ ಎಲ್ಲಿಂದ ಬರಬೇಕು? ಹತ್ತು ಜನ ವಿದ್ಯಾರ್ಥಿಗಳು, ವಾರಕ್ಕೆ ಹತ್ತು ತಾಸು, ಹದಿನಾರು ವಾರ, ತಾಸಿಗೆ 60 ರೂಪಾಯಿ ಎಂದು ಹಿಡಿದರೆ ಒಂದು ಸೆಮಿಸ್ಟರಿಗೆ 96,000 ರೂಪಾಯಿಯಾಗುತ್ತದೆ. ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆ ಇಡಲಾರದಷ್ಟು ದೊಡ್ಡ ಮೊತ್ತವಲ್ಲ ಇದು. ಹತ್ತು ಜನಕ್ಕೆ ಆಗದಿದ್ದರೆ ನಾಲ್ಕು ಜನಕ್ಕೆ ಆಗಲಿ. ನಾಲ್ವರಿಗಾದರೂ ಕಟ್ಟಳೆಯಂತೆ ಆಗಲಿ.

ಈ ವರ್ಷ ಗ್ರಂಥಪಾಲಕರು ಮತ್ತೆ ನನ್ನನ್ನು ಕರೆದರು. ನಾನು ಅಂಜುತ್ತಲೇ ಇದನ್ನೆಲ್ಲ ಹೇಳಿದೆ. ಅವರು ಬೇಸರಪಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ನಾಕು ಪರ್ಸೆಂಟ್ ಸಲುವಾಗಿ ನಾನೂ ಎಂಟು ದಿನಾ ನಿದ್ದಿ ಮಾಡಲಿಲ್ಲಪಾ” ಎಂದರು. ಆಮೇಲೆ ಒಂದು ಹಳೆಯ ಕಾರ್ಡನ್ನು ತಿರುವಿ ಹಾಕಿ, ಅದರ ಬೆನ್ನಿಗೆ ನೋಟಿಸಿನ ಕರಡನ್ನು ಅವರೇ ಬರೆದರು. ತಾಸಿನ ದರದ ಜಾಗವನ್ನು ಮಾತ್ರ ಖಾಲಿ ಬಿಟ್ಟರು. ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ತೋರಿಸಿದ್ದೇನೆ. ಕರಡಿನೊಡನೆ ಒಂದು ಅರ್ಜಿಯನ್ನು ನಾನೂ, ನೋಟಿಸು ಕಾಣದೆ ಹೋದ ಆ ಸಹಪಾಠಿನಿಯೂ ಇನ್ನೂ ಹನ್ನೊಂದು ಜನರೂ ಸಹಿ ಮಾಡಿ ಪ್ರಾಚಾರ್ಯರಿಗೆ ಕೊಟ್ಟಿದ್ದೇವೆ. ಪ್ರತಿಯ ಮೇಲೆ ಕಾರ್ಯಾಲಯದ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಂಡಿದ್ದೇನೆ. ಊರಿಗೆ ಹೋದಾಗ ಅವ್ವ ಕೇಳುವಳು.